ಯಂತ್ರದೊಳಗೆ ಉಳಿದ ಅರ್ಧ ವಾಕ್ಯ

ನನ್ನ ಹಳೆಯ ಕಂಪ್ಯೂಟರು ಸತ್ತದ್ದು ಒಂದು ಸಿಡಿಲಿನ ಸಂಜೆ. ಸತ್ತ ಮೇಲೂ ಅದು ಕೆಲವು ವರ್ಷ ನನ್ನ ಅಂಗಡಿಯಲ್ಲಿ ಕೆಲಸ ಮಾಡಿತು.

ಹೀಗೆ ಹೇಳಿದರೆ ಕೇಳಿದವರು ನನ್ನ ಮುಖ ನೋಡುತ್ತಾರೆ. ಬಿಡಿಸಿ ಹೇಳುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ ಉಡುಪಿಯ ಒಂದು ಪ್ರೆಸ್ಸಿನಲ್ಲಿ ನಾನು ಕನ್ನಡ ಟೈಪಿಂಗ್ ಕಲಿತೆ. ಅಲ್ಲಿದ್ದದ್ದು ಆ ಕಾಲದ ಒಂದು ಅಕ್ಷರ ಜೋಡಣೆಯ ಸಾಫ್ಟ್‌ವೇರು. ಅದರಲ್ಲಿ ಅಕ್ಷರಗಳ ಜಾಗವೇ ಬೇರೆ, ಒತ್ತು ಕೊಡುವ ಕ್ರಮವೇ ಬೇರೆ. ನನ್ನ ಬೆರಳುಗಳಿಗೆ ಗೊತ್ತಿದ್ದದ್ದು ಅದೊಂದೇ. ಮದುವೆಯಾಗಿ ಕಾಪುವಿಗೆ ಬಂದು, ಮನೆಯ ಎದುರಿನ ಕೋಣೆಯಲ್ಲಿ ಡಿಟಿಪಿ ಅಂಗಡಿ ಹಾಕಿದಾಗಲೂ ಅದನ್ನೇ ಹಾಕಿಸಿಕೊಂಡೆ. ಸಿಡಿಲು ಹೊಡೆದ ಮೇಲೆ ಹೊಸ ಕಂಪ್ಯೂಟರು ತಂದೆ. ಅದರಲ್ಲಿ ಈ ಹಳೆಯ ಸಾಫ್ಟ್‌ವೇರು ಏಳಲೇ ಇಲ್ಲ. ಹೊಸದು ಕಲಿಯಿರಿ ಎಂದು ಎಲ್ಲರೂ ಪುಕ್ಕಟೆ ಉಪದೇಶ ಕೊಟ್ಟರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನೀವು ನಾಳೆಯಿಂದ ಎಡಗೈಯಲ್ಲಿ ಉಣ್ಣಿ ನೋಡುವ ಎಂದು ಒಬ್ಬರಿಗೆ ಹೇಳಿಯೇ ಬಿಟ್ಟೆ.

ಕೊನೆಗೆ ಅಂಬಲಪಾಡಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದವರೊಬ್ಬರು ಉಪಾಯ ಮಾಡಿದರು. ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಇದ್ದದ್ದೆಲ್ಲವನ್ನೂ ಎತ್ತಿ ಹೊಸದರ ಹೊಟ್ಟೆಯೊಳಗೆ ಇಟ್ಟರು. ಹೊಸ ಕಂಪ್ಯೂಟರಿನ ಪರದೆಯ ಮೇಲೆ ಒಂದು ಕಿಟಕಿ. ಆ ಕಿಟಕಿಯೊಳಗೆ ನನ್ನ ಹಳೆಯ ಕಂಪ್ಯೂಟರು, ಅದೇ ನೀಲಿ ಪರದೆ, ಅದೇ ಚಿತ್ರಗಳು, ಅದೇ ಸಾಫ್ಟ್‌ವೇರು. ನಿಜವಾದ ಯಂತ್ರ ಅಲ್ಲ, ಆದರೆ ಯಂತ್ರವೆಂದೇ ತಿಳಿದುಕೊಂಡಿರುವ ಒಂದು ಯಂತ್ರ. ವರ್ಚುವಲ್ ಮಷೀನ್ ಎಂದರು ಅವರು. ನಾನು ಅದಕ್ಕೆ ಒಳಬಾಡಿಗೆಯವಳು ಎಂದು ಹೆಸರಿಟ್ಟೆ. ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ಇನ್ನೊಬ್ಬರು ಒಲೆ ಹೂಡಿದ ಹಾಗೆ.

ಒಳಬಾಡಿಗೆಯವಳ ಒಂದು ದೊಡ್ಡ ಗುಣ ಎಂದರೆ, ಅವಳನ್ನು ಇದ್ದ ಹಾಗೆಯೇ ಮಲಗಿಸಬಹುದಿತ್ತು. ನಮ್ಮಲ್ಲಿ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಯುಪಿಎಸ್ ಕಿರುಚಲು ಶುರು ಮಾಡಿದರೆ ಕಿಟಕಿ ಮುಚ್ಚುವ ಗುಂಡಿ ಒತ್ತುವುದು, 'ಸ್ಥಿತಿಯನ್ನು ಉಳಿಸು' ಎಂಬರ್ಥದ ಇಂಗ್ಲಿಷ್ ಸಾಲನ್ನು ಆರಿಸುವುದು, ಅಷ್ಟೆ. ಕರೆಂಟು ಬಂದ ಮೇಲೆ ಎಬ್ಬಿಸಿದರೆ ಬರೆಯುತ್ತಿದ್ದ ಪುಟ, ಮಿಣುಕುವ ಗೆರೆ, ಅರ್ಧ ಟೈಪ್ ಹೊಡೆದ ಪದ ಎಲ್ಲವೂ ಇದ್ದಲ್ಲೇ ಇರುತ್ತಿತ್ತು. ಹೀಗೆ ಎಷ್ಟು ಸಲ ಮಲಗಿಸಿ ಎಬ್ಬಿಸಿದ್ದೇನೋ. ಒಂದು ದಿನವೂ ಅವಳು ಕೈ ಕೊಟ್ಟಿರಲಿಲ್ಲ.

ಆ ವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ ಮಾಸ್ಟ್ರು ಅಂಗಡಿಗೆ ಬಂದರು. ಕಾರ್ಕಳದ ಕಡೆಯವರು, ನಿವೃತ್ತ ಅಧ್ಯಾಪಕರು. ಆದರೆ ಊರು ಅವರನ್ನು ಬಲ್ಲದ್ದು ತಾಳಮದ್ದಳೆಯ ಅರ್ಥಧಾರಿಯಾಗಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಮೇಲೆ ಪಂಚೆ ಶಾಲಿನಲ್ಲಿ ಕುಳಿತಲ್ಲೇ ಪಾತ್ರವಾಗಿ ಮಾತಾಡಬೇಕು. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಎದುರಿನವರು ಏನು ಹೇಳುತ್ತಾರೋ ಅದಕ್ಕೆ ಆ ಕ್ಷಣದಲ್ಲಿ ಹುಟ್ಟಬೇಕು. ಮಾಸ್ಟ್ರು ಮೂವತ್ತು ನಲವತ್ತು ವರ್ಷ ಹಾಗೆ ಮಾತಾಡಿದವರು. ಈಗ ಅವರ ಗಂಟಲಲ್ಲಿ ಗಡ್ಡೆ. ಮಣಿಪಾಲದ ಡಾಕ್ಟರರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಿದ್ದರು. ದಸರಾ ಮುಗಿದ ಮರುದಿನ ಆಪರೇಷನ್. ಅಲ್ಲಿಯ ತನಕ ಉಚ್ಚಿಲದಲ್ಲಿ ತಂಗಿಯ ಮನೆಯಲ್ಲಿದ್ದರು. ಅಲ್ಲಿಂದ ನನ್ನ ಅಂಗಡಿ ಹತ್ತಿರ.

"ನಾನು ಹೇಳುತ್ತಾ ಹೋಗುತ್ತೇನೆ, ನೀವು ಹೊಡೆಯುತ್ತಾ ಹೋಗಬೇಕು," ಎಂದರು. "ಒಂದು ಪ್ರಸಂಗ. ಅದರಲ್ಲಿ ಸೋತ ಅರಸನ ಪಾತ್ರ. ಅಷ್ಟು ಸಾಕು ನನಗೆ."

ಧ್ವನಿ ಆಗಲೇ ಒಡೆದಿತ್ತು. ಒಣಗಿದ ತೆಂಗಿನ ಗರಿ ಎಳೆದಂಥ ಸದ್ದು. ಟೇಪ್ ರೆಕಾರ್ಡರಿನಲ್ಲಿ ಪ್ರಯತ್ನ ಮಾಡಿದ್ದರಂತೆ. ತಿರುಗಿ ಕೇಳಿದರೆ ಬರೀ ಉಸಿರು. ಬರೆಯಲು ಕೂತರೆ ಪೆನ್ನಿನ ತುದಿಗೆ ಮಾತೇ ಬರುವುದಿಲ್ಲ ಎಂದರು. ಅವರಿಗೆ ಎದುರಿಗೊಬ್ಬರು ಬೇಕು. ಹಾಗಾಗಿ ಅವರು ನನ್ನ ಕುರ್ಚಿಯ ಪಕ್ಕದಲ್ಲಿ ಸ್ಟೂಲು ಎಳೆದು, ನನ್ನ ಕಿವಿಯ ಹತ್ತಿರ ಬಾಗಿ, ನನ್ನನ್ನೇ ಗೆದ್ದ ಅರಸ ಎಂದುಕೊಂಡು ಮಾತಾಡುತ್ತಿದ್ದರು. ನಾನು ಮಾತಿನ ಅರ್ಥಕ್ಕೆ ತಲೆ ಕೊಡದೆ ಹೊಡೆಯುತ್ತಿದ್ದೆ. ಅರ್ಥಕ್ಕೆ ತಲೆ ಕೊಟ್ಟರೆ ಕೈ ನಿಧಾನವಾಗುತ್ತದೆ, ಇದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಅಂಗಡಿಯ ಹಿಂದಿನ ಗೋಡೆಯ ಆಚೆಗೆ ನಮ್ಮ ಅಡುಗೆಮನೆ. ಅವರು ಬಂದ ಹೊತ್ತಿಗೆ ಅತ್ತೆಯ ಪಾತ್ರೆಗಳ ಸದ್ದು ಯಾಕೆ ನಿಲ್ಲುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ದಿನಕ್ಕೆ ಒಂದಿಷ್ಟು ಹೇಳುವುದು, ನಾನು ಪ್ರಿಂಟ್ ತೆಗೆದುಕೊಡುವುದು. ಹೀಗೆ ಪ್ರಸಂಗದ ಮುಕ್ಕಾಲು ಭಾಗ ಕಾಗದಕ್ಕೆ ಇಳಿಯಿತು. ಉಳಿದದ್ದು ಕೊನೆಯ ಸಂದರ್ಭ: ಸೋತವನು ಗೆದ್ದವನ ಎದುರು ಕುಳಿತು ಕೊಡುವ ಕೊನೆಯ ಮಾತು. ಅದನ್ನು ಮಾಸ್ಟ್ರು ಮುಂದೆ ಹಾಕುತ್ತಲೇ ಬಂದಿದ್ದರು. ಇವತ್ತು ಬೇಡ, ನಾಳೆ ಎನ್ನುತ್ತಿದ್ದರು.

ಕೊನೆಗೆ ಆ ನಾಳೆ ಬಂದದ್ದು ಆಯುಧ ಪೂಜೆಯ ದಿನ. ಬೆಳಿಗ್ಗೆಯೇ ಬಂದು ಕೂತರು. ಅವತ್ತು ಹಬ್ಬದ ಕಾರಣ ಬೇರೆ ಗಿರಾಕಿಗಳಿಲ್ಲ. ಮಾಸ್ಟ್ರು ಒಂದೇ ಸಮನೆ ಮಾತಾಡಿದರು. ನೀರು ಕುಡಿದು ಮಾತಾಡಿದರು, ಕೆಮ್ಮಿ ಮಾತಾಡಿದರು. ನಾನು ಪುಟದ ಮೇಲೆ ಪುಟ ಹೊಡೆದೆ. ನಿಲ್ಲಿಸಿದರೆ ಅವರ ಎಳೆ ತಪ್ಪುತ್ತದೆ ಎಂದು ನಡುವೆ ಎಲ್ಲಿಯೂ ನಿಲ್ಲಿಸಲಿಲ್ಲ. ಒಳಗಿನಿಂದ ಅತ್ತೆ ಎರಡು ಸಲ ಕರೆದರು. ಮೂರನೆಯ ಸಲ ಆರತಿಯ ತಟ್ಟೆ ಹಿಡಿದು ಬಾಗಿಲಿಗೇ ಬಂದರು, ಹಿಂದೆ ಜಾಗಟೆ ಹಿಡಿದ ಮೈದುನ. ನಮ್ಮ ಮನೆಯಲ್ಲಿ ಪೂಜೆಗೆ ಮೊದಲು ಯಂತ್ರಗಳೆಲ್ಲ ನಿಲ್ಲಬೇಕು. ಫ್ಯಾನು, ಮಿಕ್ಸಿ, ಮೈದುನನ ಬೈಕ್ ಗ್ಯಾರೇಜಿನ ಕಂಪ್ರೆಸರು, ಯಾವುದೂ ಉಸಿರಾಡಬಾರದು. ಗೋಡೆಯ ಗಡಿಯಾರ ಕೂಡ. ಮರುದಿನ ದಶಮಿಯ ಬೆಳಿಗ್ಗೆಯ ತನಕ ಅವಕ್ಕೆ ರಜೆ.

ಮಾಸ್ಟ್ರು ಅತ್ತೆಯನ್ನು ನೋಡಿ ಮಾತು ನಿಲ್ಲಿಸಿದರು. ಪರದೆಯ ಮೇಲೆ ಕೊನೆಯ ಸಾಲು ಹೀಗೆ ನಿಂತಿತ್ತು: 'ನೀನು ಕೈಯ ಬಿಲ್ಲು ಕಿತ್ತುಕೊಂಡೆ, ತಲೆಯ ಕಿರೀಟ ಕಿತ್ತುಕೊಂಡೆ. ಇನ್ನು ನನ್ನಲ್ಲಿ ಉಳಿದದ್ದು'

"ಉಳಿದದ್ದು ನಾಳೆ," ಎಂದು ಮಾಸ್ಟ್ರು ಎದ್ದರು. "ನಾಳೆ ಊಟ ಮಾಡಿ ಮಣಿಪಾಲಕ್ಕೆ ಅಡ್ಮಿಟ್ ಆಗಲಿಕ್ಕೆ ಹೊರಡುತ್ತೇವೆ. ಹೋಗುವಾಗ ಇಲ್ಲಿ ಕಾರು ನಿಲ್ಲಿಸುತ್ತೇನೆ. ಆ ಒಂದು ವಾಕ್ಯ ಮುಗಿಸಿ, ಪ್ರಿಂಟ್ ಹಿಡಿದುಕೊಂಡು ಹೋಗುತ್ತೇನೆ."

ನಾನು ಎಂದಿನಂತೆ ಒಳಬಾಡಿಗೆಯವಳನ್ನು ಇದ್ದ ಹಾಗೆ ಮಲಗಿಸಿ, ಕಂಪ್ಯೂಟರು ಆರಿಸಿ ಎದ್ದೆ. ಒರೆಸಿ ಹೂವು ಹಾಕುವ ಕೆಲಸ ಮೈದುನನದ್ದು.

ದಶಮಿಯ ಬೆಳಿಗ್ಗೆ ಸ್ನಾನ ಮಾಡಿ ಬಂದು ಕಂಪ್ಯೂಟರಿಗೆ ಕೈ ಮುಗಿದು ಗುಂಡಿ ಒತ್ತಿದೆ. ಮೈಗೆಲ್ಲ ಗಂಧ ಕುಂಕುಮ, ಕುತ್ತಿಗೆಗೆ ಸೇವಂತಿಗೆ. ಕಪ್ಪು ಪರದೆಯಲ್ಲಿ ಏನೋ ಎರಡು ಸಾಲು ಬಂದು, ಮುಂದುವರಿಯಲು ಎಫ್ ಒಂದು ಕೀ ಒತ್ತು ಎಂದಿತು. ಒತ್ತಿದೆ. ಕಂಪ್ಯೂಟರು ಆಗಾಗ ಹೀಗೆ ಗೊಣಗುತ್ತಿರುತ್ತದೆ, ಅದನ್ನೆಲ್ಲ ಓದುತ್ತಾ ಕೂತರೆ ಅಂಗಡಿ ನಡೆಯುವುದಿಲ್ಲ. ಹೊಸ ಕಂಪ್ಯೂಟರು ಸರಿಯಾಗಿಯೇ ಎದ್ದಿತು. ಒಳಬಾಡಿಗೆಯವಳ ಮೇಲೆ ಕ್ಲಿಕ್ ಮಾಡಿದೆ.

ಕಿಟಕಿ ತೆರೆಯಿತು, ಕಪ್ಪಾಯಿತು, ಮುಚ್ಚಿಕೊಂಡಿತು. ಅದರ ಜಾಗದಲ್ಲಿ ಒಂದು ಚಿಕ್ಕ ಪೆಟ್ಟಿಗೆ, ಕೆಂಪು ಗುರುತು, ಇಂಗ್ಲಿಷಿನ ಉದ್ದ ವಾಕ್ಯ. ನನಗೆ ಗೊತ್ತಾದದ್ದು ಇಷ್ಟು: ಯಂತ್ರವನ್ನು ಶುರು ಮಾಡಲು ಆಗಲಿಲ್ಲ.

ಮತ್ತೆ ಕ್ಲಿಕ್ ಮಾಡಿದೆ. ಮತ್ತೆ ಅದೇ ಪೆಟ್ಟಿಗೆ. ಕಂಪ್ಯೂಟರನ್ನೇ ಆರಿಸಿ ಹೊತ್ತಿಸಿದೆ. ಅದೇ. ಹಿಂದಿನ ದಿನ ಹೊಡೆದದ್ದು ಯಾವ ಕಡತದಲ್ಲಿಯೂ ಇರಲಿಲ್ಲ. ಅದು ಇದ್ದದ್ದು ಮಲಗಿಸಿದ ಆ ಸ್ಥಿತಿಯೊಳಗೆ ಮಾತ್ರ. ಅವಳು ಏಳದಿದ್ದರೆ ಮಾಸ್ಟ್ರ ಕೊನೆಯ ಮಾತು ಇಲ್ಲ. ನಾಳೆ ಬೆಳಿಗ್ಗೆಯ ನಂತರ ಅದನ್ನು ಇನ್ನೊಮ್ಮೆ ಹೇಳಲು ಅವರಿಗೆ ಗಂಟಲೂ ಇಲ್ಲ.

ಮೊದಲು ಸಿಟ್ಟು ಬಂದದ್ದು ಮೈದುನನ ಮೇಲೆ. ಪಕ್ಕದ ಗ್ಯಾರೇಜಿಗೆ ಹೋಗಿ ಕೇಳಿದೆ. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅದರ ಖಾರ ಅಷ್ಟು ಬರುವುದಿಲ್ಲ.

"ನಿನ್ನೆ ಕಂಪ್ಯೂಟರಿಗೆ ಎಂತ ಮಾಡಿದ್ದು ನೀನು?"

"ಕ್ಲೀನ್ ಮಾಡಿದ್ದು ಅತ್ತಿಗೆ. ವಯರ್ ಕಿತ್ತು, ಮುಚ್ಚಳ ತೆಗೆದು, ಕಂಪ್ರೆಸರಲ್ಲಿ ಉಳಿದಿದ್ದ ಗಾಳಿ ಹೊಡೆದೆ. ಎಷ್ಟು ಧೂಳು ಇತ್ತು ಗೊತ್ತುಂಟಾ?"

"ಬೈಕಿನ ಸೈಲೆನ್ಸರಿಗೆ ಹೊಡೆಯುವ ಗಾಳಿಯನ್ನು ಕಂಪ್ಯೂಟರಿಗೆ ಹೊಡೆಯುವುದಾ? ತಲೆಯಲ್ಲಿ ಬುದ್ಧಿ ಉಂಟಾ ನಿನಗೆ?"

"ಹೋದ ವರ್ಷವೂ ಅದೇ ಗಾಳಿ ಹೊಡೆದದ್ದಲ್ವಾ? ಎಂತ ಆಗ್ಲಿಲ್ಲ ಆಗ."

ಅದು ನಿಜವಾದ್ದರಿಂದ ನನಗೆ ಇನ್ನೂ ಸಿಟ್ಟು ಬಂತು. ಅಂಬಲಪಾಡಿಯ ರಿಪೇರಿಯವರಿಗೆ ಫೋನು ಹಚ್ಚಿದೆ. ಅವರ ಅಂಗಡಿಯಲ್ಲಿ ಯಾರೂ ಎತ್ತಲಿಲ್ಲ. ಮೊಬೈಲಿಗೆ ಹೊಡೆದರೆ ಹೆಂಡತಿಯ ಮನೆಗೆಂದು ಕಾರ್ಕಳಕ್ಕೆ ಹೋಗಿದ್ದಾರೆ, ಹಬ್ಬದ ಊಟದ ಗಲಾಟೆ, ಮಾತು ಕಡಿದು ಕಡಿದು ಬರುತ್ತಿತ್ತು. ನಾನು ಪೆಟ್ಟಿಗೆಯಲ್ಲಿದ್ದ ಇಂಗ್ಲಿಷನ್ನು ಒಂದೊಂದೇ ಪದ ಓದಿ ಹೇಳಿದೆ.

"ಅದಾ? ಎರಡು ನಿಮಿಷದ ಕೆಲಸ," ಎಂದರು ಅವರು. "ಆ ಲಿಸ್ಟಿನ ಮೇಲೆ ಡಿಸ್ಕಾರ್ಡ್ ಅಂತ ಒಂದು ಬಟನ್ ಉಂಟಲ್ಲ, ಅದನ್ನು ಒತ್ತಿ. ಹೊಸದಾಗಿ ಸ್ಟಾರ್ಟ್ ಆಗ್ತದೆ."

ಮೌಸಿನ ಬಾಣವನ್ನು ಆ ಬಟನ್ನಿನ ಮೇಲೆ ತಂದೆ. ಒತ್ತುವ ಮೊದಲು, ಯಾಕೋ ಏನೋ, ಕೇಳಿದೆ: "ಒತ್ತಿದರೆ ನಿನ್ನೆ ತೆರೆದಿಟ್ಟ ಪುಟ?"

"ಅದು ಹೋಗ್ತದೆ. ಹಾಳಾದ ಸ್ಥಿತಿಯನ್ನು ಬಿಸಾಡುವುದಲ್ವಾ ಅದು."

ನಾನು ಮೌಸಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ವಿಷಯ ಏನೆಂದು ಹೇಳಿದಾಗ ಅವರ ಧ್ವನಿಯೂ ಬದಲಾಯಿತು.

"ಹಾಗಾದರೆ ಅದನ್ನು ಮುಟ್ಟಲೇಬೇಡಿ. ಯಾರನ್ನೂ ಮುಟ್ಟಲಿಕ್ಕೆ ಬಿಡಬೇಡಿ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತಿ ಹಿಡಿಯಿರಿ. ನೀಲಿ ಪರದೆ ಬರ್ತದೆ. ಅದರಲ್ಲಿ ವರ್ಚುವಲೈಸೇಷನ್ ಅಂತ ಒಂದು ಸಾಲು ಉಂಟು. ಅದು ಆಫ್ ಆಗಿರಬೇಕು, ಆನ್ ಮಾಡಿ. ಅದು ಇಲ್ಲದೆ ನಿಮ್ಮ ಹಳೆ ಮಷೀನು ಮಲಗಿದಲ್ಲಿಂದ ಏಳುವುದಿಲ್ಲ. ನಾನೇ ಆನ್ ಮಾಡಿ ಕೊಟ್ಟದ್ದು, ಅದು ತನ್ನಷ್ಟಕ್ಕೆ ಆಫ್ ಆಗುವಂಥದ್ದಲ್ಲ, ಅದೇ ನನಗೆ ಗೊತ್ತಾಗುವುದಿಲ್ಲ." ಅಷ್ಟರಲ್ಲಿ ಲೈನು ಕಡಿದುಹೋಯಿತು.

ನೀಲಿ ಪರದೆಯಲ್ಲಿ ಹುಡುಕಿದೆ. ಸಾಲು ಸಿಕ್ಕಿತು. ಹೌದು, ಆಫ್ ಆಗಿತ್ತು. ಆನ್ ಮಾಡಿ, ಉಳಿಸಿ, ಹೊರಗೆ ಬಂದೆ. ಕಂಪ್ಯೂಟರು ತಾನೇ ಆರಿ ಹೊತ್ತಿಕೊಂಡಿತು. ಒಳಬಾಡಿಗೆಯವಳನ್ನು ಎಬ್ಬಿಸಿದೆ. ಮತ್ತೆ ಅದೇ ಕೆಂಪು ಗುರುತು.

ಮತ್ತೆ ಫೋನು. ಈ ಸಲ ಅವರು ಮನೆಯಿಂದ ಹೊರಗೆ ರಸ್ತೆಗೆ ಬಂದು ಮಾತಾಡಿದರು. ಆ ಕಂಪ್ಯೂಟರಿನ ಬೋರ್ಡು ಹಾಗೆಯೇ, ಆನ್ ಮಾಡಿದ ಮೇಲೆ ಒಮ್ಮೆ ಪೂರ್ತಿ ಆರಿಸಿ, ಗೋಡೆಯಿಂದ ವಯರ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಹಾಕಬೇಕು, ಆಗಲೇ ಅದಕ್ಕೆ ಬುದ್ಧಿ ಬರುವುದು ಎಂದರು. ವಯರ್ ಕಿತ್ತೆ. ಕಾದೆ. ಹಾಕಿದೆ. ಕಪ್ಪು ಪರದೆ ಮತ್ತೆ ಗೊಣಗಿತು, ಎಫ್ ಒಂದು ಒತ್ತಿದೆ. ಕೆಂಪು ಗುರುತು. ನೀಲಿ ಪರದೆಗೆ ಹೋಗಿ ನೋಡಿದರೆ ನಾನು ಆನ್ ಮಾಡಿದ್ದ ಸಾಲು ಮತ್ತೆ ಆಫ್.

ಇದೊಳ್ಳೆ ಫಜೀತಿ. ಆನ್ ಮಾಡಿ ವಯರ್ ಕೀಳದಿದ್ದರೆ ಅದು ಕೆಲಸ ಮಾಡುವುದಿಲ್ಲ. ವಯರ್ ಕಿತ್ತರೆ ಅದು ಆನ್ ಆಗಿ ಉಳಿಯುವುದಿಲ್ಲ. ಮತ್ತೊಮ್ಮೆ ಮಾಡಿದೆ, ಮತ್ತದೇ. ಒಳಗೆ ಹಬ್ಬದ ಪಾಯಸದ ಪರಿಮಳ. ಊಟಕ್ಕೆ ಬಾ ಎಂದು ಅತ್ತೆ ಕರೆದದ್ದಕ್ಕೆ ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ, ಒಳ್ಳೆಯ ಉತ್ತರವಂತೂ ಅಲ್ಲ. ಹೆದ್ದಾರಿಯ ಕಡೆಯಿಂದ ಬರುವ ಪ್ರತಿ ಕಾರಿನ ಸದ್ದಿಗೂ ಬಾಗಿಲು ನೋಡುತ್ತಿದ್ದೆ. ಮಾಸ್ಟ್ರು ಬಂದರೆ ಏನು ಹೇಳುವುದು? ಎಲ್ಲ ಸರಿ ಉಂಟು, ಆಸ್ಪತ್ರೆಗೆ ತಂದುಕೊಡುತ್ತೇನೆ ಎಂದು ಸುಳ್ಳು ಹೇಳಿ ಕಳಿಸಬಹುದು. ಆಮೇಲೆ ಯಂತ್ರ ಏಳದಿದ್ದರೆ? ನಿಜ ಹೇಳಿದರೆ ಅವರು ಇಲ್ಲಿಯೇ ಕೂತು ಮತ್ತೆ ಮಾತಾಡಲು ಹೊರಡುತ್ತಾರೆ. ಆಪರೇಷನ್ನಿನ ಹಿಂದಿನ ದಿನ ಒಂದು ಮಾತೂ ಆಡಬಾರದೆಂದು ಡಾಕ್ಟರರು ಹೇಳಿದ್ದನ್ನು ಅವರ ತಂಗಿಯೇ ನನಗೆ ತಿಳಿಸಿದ್ದರು. ನನಗೆ ಅಳು ಬರುವ ಹಾಗಾಯಿತು. ಅಳು ಬಂದಾಗ ನಾನು ಬೈಯುತ್ತೇನೆ; ಆದರೆ ಆಗ ಬೈಯಲು ಕೋಣೆಯಲ್ಲಿ ಸೇವಂತಿಗೆ ಮುಡಿದ ಆ ಪೆಟ್ಟಿಗೆಯೊಂದೇ ಇತ್ತು. ಅದಕ್ಕೇ ಬೈದೆ.

ಬಾಡಿಗೆಯ ಕಾರು ಬಂದು ನಿಂತಿತು. ಮಾಸ್ಟ್ರು ಇಳಿದರು. ಬಿಳಿ ಪಂಚೆ, ಹೆಗಲಿಗೆ ಶಾಲು. ಹಾಸ್ಪಿಟಲಿಗೆ ಹೊರಟವರ ಹಾಗಿರಲಿಲ್ಲ, ತಾಳಮದ್ದಳೆಯ ಕೂಟಕ್ಕೆ ಹೊರಟವರ ಹಾಗಿದ್ದರು. ಹಿಂದೆ ತಂಗಿ, ಕೈಯಲ್ಲಿ ಫ್ಲಾಸ್ಕು ಮತ್ತು ಬಟ್ಟೆಯ ಚೀಲ. ಮಾಸ್ಟ್ರು ತಮ್ಮ ಸ್ಟೂಲಿನ ಮೇಲೆ ಕೂತು ಪರದೆ ನೋಡಿದರು.

ನಾನು ನಿಜವನ್ನೇ ಹೇಳಿದೆ. "ಮಾಸ್ಟ್ರೇ, ನೀವು ಹೇಳಿದ್ದೆಲ್ಲ ಒಳಗೆ ಉಂಟು. ತೆಗೆಯಲಿಕ್ಕೆ ಆಗ್ತಾ ಇಲ್ಲ."

ಅವರು ಶಾಲು ಸರಿಪಡಿಸಿಕೊಂಡರು.

"ಪುಟ ತೆಗೆಯಿರಿ," ಎಂದರು. "ಮೊದಲಿನಿಂದ ಹೇಳುತ್ತೇನೆ."

"ಬೇಡ ಅಣ್ಣ," ಎಂದರು ತಂಗಿ.

"ನಿನ್ನೆಯದ್ದೇ ಬರುವುದಿಲ್ಲ. ಬೇರೆಯೇ ಬರುತ್ತದೆ. ಬಂದದ್ದು ಬರಲಿ." ಅಷ್ಟು ಹೇಳುವಾಗಲೇ ಕೆಮ್ಮು ಬಂತು. ಕೆಮ್ಮು ಅವರನ್ನು ಬಗ್ಗಿಸಿತು, ಬಹಳ ಹೊತ್ತು ಬಿಡಲಿಲ್ಲ. ಬಾಯಿಗೆ ಹಿಡಿದ ಕರವಸ್ತ್ರವನ್ನು ತಂಗಿ ನೋಡುವ ಮೊದಲೇ ಮಡಚಿದರು. ನಾನು ನೋಡಿದೆ.

ಆಗ ಫೋನು ಹೊಡೆಯಿತು. ಅಂಬಲಪಾಡಿಯವರು ತಾವಾಗಿಯೇ ಮಾಡಿದ್ದರು. "ಊಟಕ್ಕೆ ಕೂತಿದ್ದೆ, ಅರ್ಧದಲ್ಲಿ ಹೊಳೆಯಿತು. ನಿಮ್ಮ ಪರದೆಯಲ್ಲಿ ಇವತ್ತಿನ ತಾರೀಕು ಎಷ್ಟು ಉಂಟು?"

ಮೂಲೆಯಲ್ಲಿ ನೋಡಿದೆ. ತಾರೀಕು ಎಷ್ಟೋ ವರ್ಷ ಹಿಂದಿನದು. ಆ ಕಂಪ್ಯೂಟರು ಅಂಗಡಿಗೆ ಬರುವುದಕ್ಕೂ ಮೊದಲಿನದು. ಬೆಳಿಗ್ಗೆಯಿಂದ ಕಣ್ಣೆದುರೇ ಇತ್ತು.

"ಹಾಗಾದರೆ ಅದಕ್ಕೆ ನೆನಪೇ ನಿಲ್ಲುವುದಿಲ್ಲ. ಒಳಗೆ ನಾಣ್ಯದ ಹಾಗೆ ಒಂದು ಬ್ಯಾಟರಿ ಉಂಟು, ವಯರ್ ಕಿತ್ತಾಗ ಸೆಟ್ಟಿಂಗ್ ಕಾಯುವುದು ಅದೇ. ಅದು ಹಾಳಾಗಿರಬೇಕು. ಮುಚ್ಚಳ ತೆಗೆದು ನೋಡಿ."

ಕಾರಿನ ಡ್ರೈವರನ ಜೊತೆ ಬಾಗಿಲಲ್ಲಿ ನಿಂತಿದ್ದ ಮೈದುನನನ್ನು ಕರೆದು ಮುಚ್ಚಳ ತೆಗೆಸಿದೆ. ಒಳಗೆ ಟಾರ್ಚು ಹಿಡಿದೆ. ಬೋರ್ಡಿನ ಮೂಲೆಯಲ್ಲಿ ಒಂದು ದುಂಡನೆಯ ಗೂಡು. ಗೂಡು ಖಾಲಿ.

"ಇಲ್ಲಿ ಬ್ಯಾಟರಿಯೇ ಇಲ್ಲ!"

"ಅದಾ?" ಎಂದ ಮೈದುನ. "ಅದು ದೇವರ ಎದುರು ಉಂಟು."

ಅವನ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಯಾಕಿರಬೇಕು? ನಮ್ಮಲ್ಲಿ ಪೂಜೆಗೆ ಎತ್ತಿ ತರಲಾಗದ ದೊಡ್ಡ ವಸ್ತುವಿದ್ದರೆ ಅದರ ಒಂದು ಭಾಗವನ್ನು ಬಾಳೆಲೆಯ ಮೇಲೆ ಇಡುವುದು ರೂಢಿ. ಗ್ಯಾರೇಜಿನಲ್ಲಿದ್ದ ಬೈಕುಗಳ ಬದಲಿಗೆ ಅವುಗಳ ಕೀಲಿ, ಕಂಪ್ರೆಸರಿನ ಬದಲಿಗೆ ಅದರ ನಳಿಕೆ, ಪಕ್ಕದ ಮನೆಯವರ ದೋಣಿಯ ಬದಲಿಗೆ ಬಲೆಯ ಒಂದು ತುಂಡು. ಹೋದ ವರ್ಷ ಕಂಪ್ಯೂಟರಿನ ಬದಲಿಗೆ ಮೌಸನ್ನು ಇಟ್ಟಿದ್ದ. ಈ ಸಲ ಮುಚ್ಚಳ ತೆಗೆದಾಗ ಬ್ಯಾಟರಿ ಕಣ್ಣಿಗೆ ಬಿತ್ತಂತೆ. "ಜೀವ ಇರುವುದು ಅದರಲ್ಲಿ ಅಲ್ವಾ ಅತ್ತಿಗೆ? ಮೌಸಿಗಿಂತ ಅದು ಮೇಲು ಅಂತ ಇಟ್ಟೆ. ಇವತ್ತು ಸಂಜೆ ಎಲೆ ತೆಗೆದ ಮೇಲೆ ಹಾಕುವ ಅಂತ."

ಓಡಿದೆ. ದೇವರ ಕೋಣೆಯಲ್ಲಿ ಬಾಳೆಲೆ, ಅದರ ಮೇಲೆ ಸ್ಪಾನರುಗಳು, ಕೀಲಿಗಳು, ನನ್ನ ಕತ್ತರಿ, ಅತ್ತೆ ತರಕಾರಿ ಹೆಚ್ಚುವ ಮೆಟ್ಟುಗತ್ತಿ. ನಡುವೆ ಗಂಧದ ಬೊಟ್ಟು ಇಟ್ಟುಕೊಂಡು ಆ ಬ್ಯಾಟರಿ ಕುಳಿತಿತ್ತು. ಕೈ ಚಾಚಿದೆ.

"ಮುಟ್ಟಬೇಡ," ಎಂದರು ಅತ್ತೆ. ಅವರು ಎಲೆಯ ಪಕ್ಕದಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದರು. "ಸಂಜೆ ಆರತಿಯಾಗದೆ ದೇವರಿಗಿಟ್ಟದ್ದನ್ನು ಎತ್ತುವ ಕ್ರಮ ಇಲ್ಲ. ನಿನಗೆ ಗೊತ್ತಿಲ್ಲವಾ?"

ಅತ್ತೆಯ ಎದುರು ನನ್ನ ಕೋಪ ನಡೆಯುವುದಿಲ್ಲ, ಯಾವತ್ತೂ ನಡೆದದ್ದಿಲ್ಲ. ಅಂಗಡಿಯಲ್ಲಿ ಮಾಸ್ಟ್ರು ಮತ್ತೆ ಕೆಮ್ಮುವುದು ಗೋಡೆಯಾಚೆಯಿಂದ ಕೇಳಿತು. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

"ಯಾಕೆ, ಎಂತ ಆಯಿತು?"

"ನಿನ್ನೆ ಅವರು ಹೇಳಿದ್ದು ಕಂಪ್ಯೂಟರಿನ ಒಳಗೆ ಸಿಕ್ಕಿ ಬಿದ್ದಿದೆ ಅತ್ತೆ. ಇದನ್ನು ಹಾಕದೆ ಹೊರಗೆ ಬರುವುದಿಲ್ಲ. ಅದಕ್ಕೆ ಮತ್ತೆ ಮೊದಲಿನಿಂದ ಹೇಳಲಿಕ್ಕೆ ಕೂತಿದ್ದಾರೆ."

"ಆ ಸೋತವನ ಮಾತಾ?" ಎಂದರು ಅತ್ತೆ. "ಗೆದ್ದವನನ್ನು ಮಗುವೇ ಅಂತ ಕರೆಯುವುದು?"

ಅಷ್ಟು ದಿನ ಪುಟಗಟ್ಟಲೆ ಹೊಡೆದವಳು ನಾನು. ಅವನು ಗೆದ್ದವನನ್ನು ಮಗುವೇ ಎಂದು ಕರೆಯುತ್ತಾನೆ ಎಂಬುದು ನನ್ನ ತಲೆಗೆ ಹೋಗಿರಲೇ ಇಲ್ಲ. ಅತ್ತೆ ಎದ್ದರು. ದೀಪದ ಕುಡಿ ಸರಿ ಮಾಡಿ, ಎಲೆಗೆ ಅಲ್ಲಿಂದಲ್ಲಿಗೆ ಒಂದು ಆರತಿ ಎತ್ತಿದರು. ಗಂಟೆ ಕೂಡ ಹೊಡೆಯಲಿಲ್ಲ. ಬ್ಯಾಟರಿಯನ್ನು ತಾವೇ ಎತ್ತಿ, ಸೆರಗಿನಿಂದ ಗಂಧ ಒರೆಸಿ, ನನ್ನ ಅಂಗೈಯಲ್ಲಿ ಇಟ್ಟರು. "ಹೋಗು, ಅವರನ್ನು ಮಾತಾಡಲಿಕ್ಕೆ ಬಿಡಬೇಡ," ಎಂದರು.

ಮೈದುನ ಅದನ್ನು ಗೂಡಿನಲ್ಲಿ ಕೂರಿಸಿದ. ಡಿಲೀಟ್ ಒತ್ತಿ ಹಿಡಿದೆ, ನೀಲಿ ಪರದೆ, ಆ ಸಾಲು, ಆನ್. ತಾರೀಕನ್ನೂ ತಿದ್ದಿದೆ. ಆರಿಸಿದೆ, ವಯರ್ ಕಿತ್ತೆ. ಕಾದೆ. ಅತ್ತೆ ಒದ್ದೆ ಕೈಯಲ್ಲಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ವಯರ್ ಹಾಕಿದೆ. ಈ ಸಲ ಕಪ್ಪು ಪರದೆ ಗೊಣಗಲಿಲ್ಲ, ಎಫ್ ಒಂದು ಕೇಳಲಿಲ್ಲ. ತಾರೀಕು ಸರಿಯಿತ್ತು.

ಒಳಬಾಡಿಗೆಯವಳ ಮೇಲೆ ಕ್ಲಿಕ್ ಮಾಡಿದೆ. ಕಿಟಕಿ ತೆರೆಯಿತು. ಕಪ್ಪಾಯಿತು. ಒಂದು ನೀಲಿ ಪಟ್ಟಿ ಎಡದಿಂದ ಬಲಕ್ಕೆ ತೆವಳಿತು, ಕೊನೆಯ ಹತ್ತಿರ ಬಂದು ನಿಂತುಬಿಟ್ಟಿತು. ಎಷ್ಟು ಹೊತ್ತು ನಿಂತಿತೋ ನನಗೆ ಗೊತ್ತಿಲ್ಲ. ಆಮೇಲೆ ಪುಟ ಬಂತು. ಆರತಿಯ ಹೊತ್ತಿಗೆ ಹೇಗಿತ್ತೋ ಹಾಗೆಯೇ. 'ಇನ್ನು ನನ್ನಲ್ಲಿ ಉಳಿದದ್ದು' ಎಂಬುದರ ಮುಂದೆ ಗೆರೆ ಮಿಣುಕುತ್ತಿತ್ತು.

ಮೈದುನ ದೊಡ್ಡದಾಗಿ ನಕ್ಕ. ತಂಗಿ ಕಣ್ಣೊರೆಸಿಕೊಂಡರು. ನಾನು ಮೊದಲು ಮಾಡಿದ ಕೆಲಸ ಕಡತವನ್ನು ಉಳಿಸಿದ್ದು, ಎರಡನೆಯದು ಅದನ್ನು ಫ್ಲಾಪಿಗೆ ಇಳಿಸಿದ್ದು. ಅದಾದ ಮೇಲೆಯೇ ಮಾಸ್ಟ್ರ ಕಡೆಗೆ ತಿರುಗಿದೆ.

"ಒಂದೇ ವಾಕ್ಯ ಬಾಕಿ," ಎಂದೆ. "ಅದನ್ನು ಬೇಕಾದರೆ ಬರೆದು ತೋರಿಸಿ ಮಾಸ್ಟ್ರೇ. ಮಾತಾಡಬೇಡಿ."

ಅವರು ತಲೆ ಅಲ್ಲಾಡಿಸಿದರು. ಸ್ಟೂಲನ್ನು ಹತ್ತಿರ ಎಳೆದು, ಎಂದಿನ ಹಾಗೆ ನನ್ನ ಕಿವಿಯ ಕಡೆ ಬಾಗಿದರು. ನಾನು ಕೀಲಿಗಳ ಮೇಲೆ ಬೆರಳಿಟ್ಟು ಕಾದೆ. ಬರಬೇಕಾದ ಪದ ಯಾವುದೆಂದು ನನಗೆ ಗೊತ್ತಿತ್ತು. ಬಿಲ್ಲು ಹೋಯಿತು, ಕಿರೀಟ ಹೋಯಿತು. ಅರ್ಥಧಾರಿಗೆ ಉಳಿಯುವುದು ಮಾತಲ್ಲದೆ ಮತ್ತೇನು? ನನ್ನ ಬೆರಳು ಆಗಲೇ ಆ ಅಕ್ಷರದ ಮೇಲಿತ್ತು.

"ಎರಡು ಕಿವಿ," ಎಂದರು ಮಾಸ್ಟ್ರು.

ನಾನು ತಿರುಗಿ ನೋಡಿದೆ. ಅವರು ಪರದೆಯ ಕಡೆ ಕೈ ತೋರಿಸಿದರು, ಹೊಡೆಯಿರಿ ಎಂದು. ಹೊಡೆದೆ.

"ಇನ್ನು ನೀನು ಮಾತಾಡು, ಮಗುವೇ. ನಾನು ಕೇಳುತ್ತೇನೆ."

ಅಷ್ಟೇ. ನಾನು ಪೂರ್ಣವಿರಾಮ ಹಾಕಿದೆ. ಪ್ರಿಂಟರು ಪುಟಗಳನ್ನು ಒಂದೊಂದಾಗಿ ಹೊರಗೆ ಹಾಕಿತು, ಬಿಸಿ ಇರುವಾಗಲೇ ಮಾಸ್ಟ್ರು ಅವನ್ನು ಎತ್ತಿ ಶಾಲಿನೊಳಗೆ ಇಟ್ಟುಕೊಂಡರು. ಹೋಗುವಾಗ ಬಾಗಿಲಲ್ಲಿದ್ದ ಅತ್ತೆಗೆ ಕೈ ಮುಗಿದರು. ಕಾರು ಉಡುಪಿಯ ಕಡೆಗೆ ಹೋಯಿತು. ಅತ್ತೆ ಮತ್ತು ನಾನು ತಣ್ಣಗಾದ ಪಾಯಸ ಉಂಡೆವು.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಮಾಸ್ಟ್ರು ಮತ್ತೆ ಬಂದರು. ಬಡವಾಗಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆ. ತಂಗಿ ಜೊತೆಗಿರಲಿಲ್ಲ, ಉಚ್ಚಿಲದಿಂದ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಹೇಗಿದ್ದೀರಿ ಎಂದು ಕೇಳಿದ್ದಕ್ಕೆ ಕೈಯಲ್ಲೇ ಪರವಾಗಿಲ್ಲ ಎಂದರು. ತಿದ್ದುಪಡಿ ಇರಬೇಕು ಎಂದುಕೊಂಡು ನಾನು ಒಳಬಾಡಿಗೆಯವಳನ್ನು ಎಬ್ಬಿಸಿದೆ. ಅವರು ಬೇಡವೆಂದು ಸನ್ನೆ ಮಾಡಿ, ಚೀಲದಿಂದ ಆ ಪುಟಗಳನ್ನು ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ತಮ್ಮ ಕಿವಿಯನ್ನು ಮುಟ್ಟಿ ತೋರಿಸಿ ಸ್ಟೂಲಿನ ಮೇಲೆ ನೆಟ್ಟಗೆ ಕೂತರು.

ನಾನು ಓದುವವಳಲ್ಲ, ಹೊಡೆಯುವವಳು. ನಾಚಿಕೆಯಾಯಿತು. ಆದರೂ ಕೊನೆಯ ಸಂದರ್ಭವನ್ನು ತೆಗೆದು, ಬಸ್ಸಿನ ಬೋರ್ಡು ಓದುವ ಹಾಗೆ ಗಡಗಡ ಓದಲು ಶುರು ಮಾಡಿದೆ. ಮಾಸ್ಟ್ರು ಬೆರಳ ಗೆಣ್ಣಿನಿಂದ ಮೇಜಿಗೆ ಒಂದು ಪೆಟ್ಟು ಹೊಡೆದರು. ನಿಲ್ಲಿಸಿದೆ. ಮಗುವೇ ಎಂಬ ಪದದ ಮೇಲೆ ಬೆರಳಿಟ್ಟು, ಇಲ್ಲಿ ನಿಲ್ಲಬೇಕು ಎಂದು ಅಂಗೈ ಎತ್ತಿ ತೋರಿಸಿದರು. ಗೋಡೆಯಾಚೆ ಪಾತ್ರೆಗಳ ಸದ್ದು ನಿಂತಿತು.

ನಾನು ನೀರು ಕುಡಿದು, ಗಂಟಲು ಸರಿ ಮಾಡಿಕೊಂಡು, ಮತ್ತೆ ಮೊದಲಿನಿಂದ ಓದಿದೆ.